ಸರತಿಯಲ್ಲಿ ನಿಂತವರ ಕಾಲ

ಅಚೌರ್ಯಾಣುವ್ರತವು ದ್ರವ್ಯಕ್ಕೆ ಮಾತ್ರ ಸಂಬಂಧಿಸಿದ್ದೆಂದು ಶ್ರಾವಕರು ಸಾಮಾನ್ಯವಾಗಿ ಭಾವಿಸುತ್ತಾರೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಚೌರ್ಯ. ತೂಕ, ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಅತಿಚಾರ. ಗದ್ದಿಗೆಯ ಮೇಲೆ ಕುಳಿತ ವ್ಯಾಪಾರಿಗೆ ಇದು ಬೇಗ ತಿಳಿಯುತ್ತದೆ. ಆದರೆ ಟ್ರಸ್ಟಿನ ಧರ್ಮಾರ್ಥ ಚಿಕಿತ್ಸಾಲಯದ ಬಾಗಿಲಲ್ಲಿ ಬಡವನೊಬ್ಬ ಒಂದು ಗಂಟೆ ವೃಥಾ ನಿಲ್ಲುವಂತಾದರೆ, ಆ ಗಂಟೆ ಯಾರು ಯಾರಿಂದ ತೆಗೆದುಕೊಂಡದ್ದು? ಕಾಯಿಸುವುದರಿಂದ ಆಯುಷ್ಯಕರ್ಮದ ಸ್ಥಿತಿ ಕುಂದುವುದಿಲ್ಲವೆಂದು ಶಾಸ್ತ್ರಜ್ಞರು ಆಕ್ಷೇಪಿಸಬಹುದು. ನಿಜ. ಆದರೆ ಅಂದಿನ ಕೂಲಿ ಕುಂದುತ್ತದೆ.

ಸರತಿಯ ಸಾಲಿಗೆ ಗಣಿತವಿದೆ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞನು 1909ರಲ್ಲಿ, ದೂರವಾಣಿ ಕರೆಗಳನ್ನು ಕುರಿತು ಪ್ರಕಟಿಸಿದ ಲೇಖನದಿಂದ ಇದಕ್ಕೆ ಅಡಿಪಾಯ ಹಾಕಿದನು. ಈಗ ಗಣಕಯಂತ್ರವು ಸಿಮ್ಯುಲೇಶನ್ ಎಂಬ ಅನುಕರಣ ಪ್ರಯೋಗದಿಂದ ಕಾಲ್ಪನಿಕ ರೋಗಿಗಳನ್ನು ಸೃಷ್ಟಿಸಿ, ಸಾವಿರಾರು ದಿನಗಳ ಸಾಲನ್ನು ಕೆಲವೇ ನಿಮಿಷಗಳಲ್ಲಿ ನಡೆಸಿ ತೋರಿಸುತ್ತದೆ. ಯಾವ ಜೀವವನ್ನೂ ನಿಲ್ಲಿಸದೆ ನಡೆಯುವ ಪರೀಕ್ಷೆಯಿದು.

ಒಂದು ಲೆಕ್ಕವನ್ನು ನೋಡಬಹುದು. ಚೀಟಿ ಬರೆಯುವವನು ಒಬ್ಬನೇ; ಪ್ರತಿಯೊಬ್ಬರಿಗೆ ಸರಾಸರಿ 5 ನಿಮಿಷ. ಜನರ ಆಗಮನವೂ ಕೆಲಸದ ಅವಧಿಯೂ ಅನಿಯತ. ಗಂಟೆಗೆ 9 ಜನ ಬಂದರೆ ಸರಾಸರಿ ಕಾಯುವಿಕೆ 15 ನಿಮಿಷ. 11 ಜನ ಬಂದರೆ ಅದು 55 ನಿಮಿಷ! ಗಂಟೆಗೆ 12 ಜನರ ಶಕ್ತಿಯಿದ್ದರೂ, ಕೇವಲ ಇಬ್ಬರು ಹೆಚ್ಚಾದುದಕ್ಕೆ ಇಷ್ಟು ದಂಡ. ಒಂದೇ ಸಾಲಿಗೆ ಎರಡನೆಯ ಗುಮಾಸ್ತನನ್ನು ಕೂರಿಸಿದರೆ ಕಾಯುವಿಕೆ ಒಂದೂವರೆ ನಿಮಿಷಕ್ಕಿಂತ ಕೆಳಗಿಳಿಯುತ್ತದೆ.

ಇಲ್ಲಿಯೇ ಧರ್ಮಸಂಕಟ. ಹಾಗೆ ಮಾಡಿದಾಗ ಗುಮಾಸ್ತರಿಬ್ಬರೂ ಅರ್ಧಕ್ಕಿಂತ ಹೆಚ್ಚು ಹೊತ್ತು ಕೈಕಟ್ಟಿ ಕುಳಿತಿರುತ್ತಾರೆ. ಆ ಸಂಬಳ ಖರ್ಚಿನ ಪುಟದಲ್ಲಿ ಎದ್ದು ಕಾಣುತ್ತದೆ, ವಾರ್ಷಿಕ ಸಭೆಯಲ್ಲಿ ಪ್ರಶ್ನೆಯಾಗುತ್ತದೆ. ಹೊರಗೆ ನಿಂತವರ ಗಂಟೆಗಳಿಗೆ ಯಾವ ಖಾತೆಯಲ್ಲಿಯೂ ಪುಟವಿಲ್ಲ. ಲೆಕ್ಕಪರಿಶೋಧಕನು ದುಂದುವೆಚ್ಚವೆಂದು ಬರೆಯುವ ಆ ಬಿಡುವೇ ವಾಸ್ತವದಲ್ಲಿ ಬಡವನ ಕಾಲವನ್ನು ಉಳಿಸುವ ಬೆಲೆ. ದಾನದ ಹಣದಲ್ಲಿ ಇದಕ್ಕಿಂತ ಸಾರ್ಥಕವಾದ ವೆಚ್ಚಗಳು ಹಲವಿಲ್ಲ.

ಹಣವಿಲ್ಲದಿದ್ದರೆ? ಆಗ ಯಾರು ಕಾಯಬೇಕೆಂಬುದು ಪ್ರಶ್ನೆ. ಚಿಕ್ಕ ಕೆಲಸದವರನ್ನು ಮೊದಲು ಕಳುಹಿಸಿದರೆ ಸರಾಸರಿ ಇಳಿಯುತ್ತದೆಂದು ಯಂತ್ರ ಹೇಳುತ್ತದೆ, ಅದು ಸುಳ್ಳಲ್ಲ. ಆದರೆ ಹತ್ತು ವ್ಯಾಧಿಗಳ ಮುದುಕಿ ಸಂಜೆಯವರೆಗೂ ಗೋಡೆಗೆ ಒರಗಿ ಕುಳಿತಿರುತ್ತಾಳೆ. ಸರಾಸರಿ ಎಂಬುದು ಒಂದು ನಯ. ಅದನ್ನೇ ಪೂರ್ಣಸತ್ಯವೆಂದು ಹಿಡಿದರೆ ದುರ್ನಯವಾಗುತ್ತದೆ. ಆದುದರಿಂದ ಸರಾಸರಿಯೊಂದಿಗೆ ಅತಿ ದೀರ್ಘವಾಗಿ ಕಾದವರ ಅವಧಿಯನ್ನೂ ಯಂತ್ರದಿಂದ ಕೇಳಿ ಪಡೆಯಬೇಕು. ದಣಿದು ಹಿಂದಿರುಗಿದವರ ಹೆಸರು ಚಿಕಿತ್ಸೆ ಪಡೆದವರ ಪುಸ್ತಕದಲ್ಲಿ ಇರುವುದೇ ಇಲ್ಲವೆಂಬುದನ್ನೂ ಮರೆಯಬಾರದು. ಅಂತಹ ಪುಸ್ತಕವನ್ನು ನಂಬಿದ ಪ್ರಯೋಗ ಸಾಲನ್ನು ಇರುವುದಕ್ಕಿಂತ ಚಿಕ್ಕದಾಗಿ ತೋರಿಸುತ್ತದೆ.

ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯವೆಂದು ಆಚಾರ್ಯರು ಒಪ್ಪಿದ್ದಾರೆ; ತಿಳಿದು ಮಾಡುವ ಸಂಕಲ್ಪೀ ಹಿಂಸೆಯನ್ನು ಒಪ್ಪಿಲ್ಲ. ಸಾಲು ಏಕೆ ಬೆಳೆಯುತ್ತದೆಂದು ತಿಳಿಯದಿದ್ದಾಗ ಇದ್ದ ರಿಯಾಯಿತಿ, ಪ್ರಯೋಗದ ಫಲ ಕೈಸೇರಿದ ಬಳಿಕ ಆಡಳಿತದವರಿಗೆ ಉಳಿಯುವುದಿಲ್ಲ. ತಿಳಿಯದಿರಲೆಂದೇ ಪ್ರಯೋಗವನ್ನು ಮುಂದೂಡುವುದಂತೂ ಪ್ರಮಾದವೇ ಸರಿ.

ಆರಂಭಕ್ಕೆ ದೊಡ್ಡ ಯಂತ್ರವೇನೂ ಬೇಡ. ಬಾಗಿಲಲ್ಲಿ ಒಬ್ಬರು ನೋಟುಬುಕ್ಕು ಹಿಡಿದು, ಎರಡು ವಾರ, ಪ್ರತಿಯೊಬ್ಬರೂ ಬಂದ ಹೊತ್ತು, ಒಳಹೋದ ಹೊತ್ತು, ಕಾಣದೆ ಹಿಂದಿರುಗಿದವರ ಸಂಖ್ಯೆ ಇಷ್ಟನ್ನು ಬರೆದಿಟ್ಟರೆ ಸಾಕು. ಮುಂದಿನದನ್ನು ಕಾಲೇಜಿನಲ್ಲಿ ಗಣಕ ಕಲಿಯುತ್ತಿರುವ ಸಮಾಜದ ಯುವಕ ಯುವತಿಯರು ಮಾಡಿಕೊಡಬಲ್ಲರು.