ತೊಟ್ಟಿಲ ಸುತ್ತಲಿನ ಗಾಳಿ ಯಾರದು?



“ಬೀಡಿ ನನ್ನದು, ದುಡ್ಡು ನನ್ನದು, ಎದೆ ನನ್ನದು. ಕೆಟ್ಟರೆ ನನ್ನದೇ ಕೆಡುತ್ತದೆ, ನಿಮಗೇನು?” ದೀಕ್ಷಾಸ್ನಾನಕ್ಕೆ ಮುಂಚೆ ಕೂಸಿನ ಮನೆಗೆ ಹೋಗಿ ವಿವರ ಬರೆದುಕೊಂಡು ಬರುವ ಕೆಲಸ ನಮ್ಮ ಯುವಜನ ಸಂಘದ್ದು. ಅಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು ಇದು. ಮಾತು ಅರ್ಧ ಸರಿ. ಬೀಡಿ ಅವರದು, ದುಡ್ಡೂ ಅವರದು. ಬಾಯಿಂದ ಹೊರಗೆ ಬಂದ ಹೊಗೆ ಯಾರದು ಎಂಬುದು ನಮ್ಮ ಪ್ರಶ್ನೆ.

ಆದೋನಿ, ಕೋಸಿಗಿ, ಆಲೂರು ಕಡೆಯ ನಮ್ಮ ಮನೆಗಳನ್ನು ನೆನೆಸಿಕೊಳ್ಳಿ. ಒಂದು ಕೋಣೆ, ಮುಂದೆ ಸಣ್ಣ ಪಡಸಾಲೆ, ಮೇಲೆ ಬಂಡೆ ಅಥವಾ ತಗಡು. ಮನೆಯಲ್ಲಿ ಬಾಣಂತಿ ಇದ್ದರೆ ಗಾಳಿಯ ಬಗ್ಗೆ ನಮಗೆ ಎಷ್ಟು ಜಾಗ್ರತೆ! ಕಿಟಕಿಗೆ ಗೋಣಿಚೀಲ, ಬಾಣಂತಿಯ ಕಿವಿಗೆ ಹತ್ತಿ, ಕೂಸಿನ ತಲೆಗೆ ಕುಲಾವಿ. ಸಂಜೆ ಗಾಳಿ ಸೋಕಬಾರದು, ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರಬಾರದು. ಇಷ್ಟು ಕಾವಲಿರುವ ಕೋಣೆಯ ಬಾಗಿಲಲ್ಲೇ ಕೂತು ಕೂಸಿನ ತಂದೆಯೋ ತಾತನೋ ಬೀಡಿ ಹಚ್ಚುತ್ತಾರೆ. ತಣ್ಣನೆ ಗಾಳಿ ಒಳಗೆ ಬಾರದಂತೆ ಮುಚ್ಚಿದ ಕಿಟಕಿ ಹೊಗೆ ಹೊರಗೆ ಹೋಗದಂತೆಯೂ ತಡೆಯುತ್ತದೆ.

ಬಿ.ಎಸ್ಸಿ. ಓದಿದ ಋಣಕ್ಕೆ ಸ್ವಲ್ಪ ವಿಜ್ಞಾನ ಹೇಳುತ್ತೇವೆ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಹೊತ್ತಿದ ತುದಿಯಿಂದ ಸುಮ್ಮನೆ ಏಳುವ ಹೊಗೆ ಸೇದುವವನ ಎದೆಗೆ ಹೋಗುವ ಹೊಗೆಗಿಂತ ಹೆಚ್ಚು ವಿಷದ್ದು. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹಸುಗೂಸು 30ರಿಂದ 60 ಸಲ ಉಸಿರಾಡುತ್ತದೆ. ಹಾಗಾಗಿ ಅದೇ ಕೋಣೆಯಲ್ಲಿ, ತನ್ನ ಮೈತೂಕಕ್ಕೆ ಹೋಲಿಸಿದರೆ, ಕೂಸಿನ ಒಳಗೆ ಹೋಗುವ ಹೊಗೆಯೇ ಹೆಚ್ಚು. ಹೊಗೆಯ ನಡುವೆ ಬೆಳೆಯುವ ಕೂಸಿನ ಮೂತ್ರ ಪರೀಕ್ಷಿಸಿದರೆ ಕೊಟಿನಿನ್ ಎಂಬ ವಸ್ತು ಸಿಗುತ್ತದೆ. ಅದು ನಿಕೋಟಿನ್ ಮೈಯೊಳಗೆ ಕರಗಿದ ಗುರುತು. ಎದೆಹಾಲು ಬಿಟ್ಟು ಬೇರೇನೂ ರುಚಿ ನೋಡದ ಕೂಸು ತಂಬಾಕನ್ನು ನೋಡಿರುತ್ತದೆ! ನ್ಯುಮೋನಿಯಾ, ಕಿವಿ ಸೋರುವುದು, ಉಬ್ಬಸ, ನಿದ್ದೆಯಲ್ಲೇ ಉಸಿರು ನಿಲ್ಲುವ ಹಠಾತ್ ಸಾವು, ಇವುಗಳ ಅಪಾಯ ಅಂಥ ಕೂಸುಗಳಿಗೆ ಹೆಚ್ಚು ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿ ಹೇಳಿತು. ಇಷ್ಟು ಹೊಗೆಯಾದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ ಎಂದೂ ಅದರಲ್ಲಿದೆ.

ಇದಕ್ಕೆ ಹಿರಿಯರ ಉತ್ತರ ಒಂದೇ: “ನಮ್ಮಪ್ಪ ದಿನಕ್ಕೆ ಒಂದು ಕಟ್ಟು ಸೇದುತ್ತಿದ್ದ. ನಾವು ಗಟ್ಟಿಯಾಗಿಲ್ಲವೇ?” ಗಟ್ಟಿಯಾಗಿ ಉಳಿದವರು ಕಟ್ಟೆಯ ಮೇಲೆ ಕೂತು ಹೀಗೆ ಕೇಳುತ್ತಾರೆ. ಆರು ತಿಂಗಳಿಗೇ ಎದೆ ಕಟ್ಟಿ ಹೋದ ಅವರ ತಮ್ಮ ತಂಗಿಯರು ಕಟ್ಟೆಗೆ ಬರಲಿಲ್ಲ. ಅವರು ಹೊಗೆಯಿಂದಲೇ ಹೋದರೆಂದು ನಾವು ಹೇಳುವುದಿಲ್ಲ. ಉಳಿದವರ ಸಾಕ್ಷಿ ಮಾತ್ರ ಕೇಳಿ ತೀರ್ಪು ಕೊಡಬಾರದು ಎನ್ನುತ್ತೇವೆ, ಅಷ್ಟೆ. ಆ ಅಪ್ಪಂದಿರನ್ನು ದೂರುವುದೂ ನಮ್ಮ ಉದ್ದೇಶವಲ್ಲ. ತಾವು ಎಂದೂ ಸೇದದಿದ್ದರೂ ಸೇದುವ ಗಂಡಂದಿರ ಜೊತೆ ಬಾಳಿದ ಹೆಂಗಸರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಬರುತ್ತದೆ ಎಂದು ಜಪಾನಿನ ತಕೇಶಿ ಹಿರಾಯಾಮ ತೋರಿಸಿಕೊಟ್ಟದ್ದು 1981ರಲ್ಲಿ. ಅಲ್ಲಿಯವರೆಗೆ ಓದಿದವರೂ ಹೊಗೆ ಸೇದುವವನಿಗೆ ಮಾತ್ರ ಕೇಡು ಎಂದೇ ಬಹುಮಟ್ಟಿಗೆ ನಂಬಿದ್ದರು. ತಿಳಿಯದೆ ಮಾಡಿದ್ದಕ್ಕೂ ತಿಳಿದು ಮಾಡಿದ್ದಕ್ಕೂ ನಮ್ಮ ಧರ್ಮಸಭೆ ಒಂದೇ ತಕ್ಕಡಿ ಹಿಡಿಯುವುದಿಲ್ಲ. ನಮ್ಮ ತಲೆಮಾರಿಗೆ ಮಾತ್ರ ತಿಳಿಯದು ಎನ್ನುವ ನೆಪ ಇಲ್ಲ.

ಕಾನೂನು ಏನೆನ್ನುತ್ತದೆ? ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಕೂಡದೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 2ರಂದು ಆದೇಶಿಸಿತು. 2003ರಲ್ಲಿ ಕಾಯ್ದೆ ಬಂತು, 2008ರ ಅಕ್ಟೋಬರ್ 2ರಿಂದ ನಿಯಮ ಬಿಗಿಯಾಯಿತು. ಆದೋನಿ ರೈಲು ನಿಲ್ದಾಣದಲ್ಲಿ ಬೀಡಿ ಹಚ್ಚಿದರೆ 200 ರೂಪಾಯಿವರೆಗೆ ದಂಡ ಹಾಕಬಹುದು. ಅದೇ ಮನುಷ್ಯ ಮೂರು ವಾರದ ಕೂಸಿನ ಪಕ್ಕ ಕೂತು ಸೇದಿದರೆ ಕೇಳುವವರಿಲ್ಲ. ನಿಲ್ದಾಣದಲ್ಲಿ ನಮಗೆ ಹೊಗೆ ಆಗದಿದ್ದರೆ ಎದ್ದು ದೂರ ಹೋಗಬಹುದು, ಕೂಸು ಎಲ್ಲಿಗೆ ಹೋದೀತು? ಹಾಗೆಂದು ಪೊಲೀಸರು ಹೊಸಿಲು ದಾಟಿ ಬರಲಿ ಎಂದು ನಾವು ಕೇಳುವುದಿಲ್ಲ. ಬಂದರೆ ಅವರು ಮೊದಲು ಬರುವುದು ಬಡವರ ಮನೆಗೇ. ಕಾನೂನು ಹೊಸಿಲಲ್ಲಿ ನಿಂತದ್ದು ಸರಿ. ಆದರೆ ದಂಡ ಇಲ್ಲ ಎಂದ ಮಾತ್ರಕ್ಕೆ ತಪ್ಪೂ ಇಲ್ಲ ಎನ್ನುವಂತಿಲ್ಲ.

ಹಾಗಾದರೆ ಬೀಡಿ ಸೇದುವುದು ಪಾಪವೇ? ತರಗತಿಯಲ್ಲಿ ಮಕ್ಕಳು ನಮ್ಮನ್ನು ನೇರವಾಗಿ ಕೇಳುತ್ತಾರೆ. 1642ರಲ್ಲಿ ವಿಶ್ವಗುರು ಎಂಟನೆಯ ಅರ್ಬನ್ ಸ್ಪೇನಿನ ಸೆವಿಲ್ ಧರ್ಮಕ್ಷೇತ್ರದ ದೇವಾಲಯಗಳಲ್ಲಿ ತಂಬಾಕನ್ನು ನಿಷೇಧಿಸಿದ್ದರು. ಅದು ದೇವಾಲಯದ ಮರ್ಯಾದೆಯ ಮಾತು. 2018ರಿಂದ ವ್ಯಾಟಿಕನ್‌ನಲ್ಲಿ ಸಿಗರೇಟು ಮಾರಬಾರದೆಂದು ವಿಶ್ವಗುರು ಫ್ರಾನ್ಸಿಸ್ ತೀರ್ಮಾನಿಸಿದ್ದು ಜನರ ಆರೋಗ್ಯದ ಮಾತು. ಕಥೋಲಿಕ ಧರ್ಮೋಪದೇಶ ಗ್ರಂಥ (2290) ಸೇದುವವರನ್ನೆಲ್ಲ ಪಾಪಿಗಳೆಂದು ಕರೆಯುವುದಿಲ್ಲ, ಅತಿಯಾಗಬಾರದು ಎನ್ನುತ್ತದೆ. ನಿಕೋಟಿನ್ ಮನುಷ್ಯನ ಕೈ ಕಟ್ಟಿಹಾಕುತ್ತದೆ, ಇಪ್ಪತ್ತು ವರ್ಷದ ಚಟ ನಾಳೆ ಬೆಳಿಗ್ಗೆ ಬಿಡು ಎಂದರೆ ಬಿಡುವುದಿಲ್ಲ. ಹಾಗೆ ಬಿಡಲಾಗದೆ ಒದ್ದಾಡುವವರ ಮೇಲೆ ಕಲ್ಲು ಹೊರಿಸಲು ನಮಗೆ ಮನಸ್ಸಿಲ್ಲ. ಆದರೆ ಚಟ ಕಸಿದುಕೊಳ್ಳುವುದು ಬಿಡುವ ಶಕ್ತಿಯನ್ನು, ಎದ್ದು ನಡೆಯುವ ಶಕ್ತಿಯನ್ನಲ್ಲ. ಬೀದಿಯ ಆ ತುದಿಗೆ ಹೋಗಿ ಸೇದಿ, ಕೈ ಬಾಯಿ ತೊಳೆದು, ಅಂಗಿ ಬದಲಿಸಿ ಕೂಸನ್ನು ಎತ್ತಿಕೊಳ್ಳಲು ಯಾವ ಚಟವೂ ಅಡ್ಡ ಬರುವುದಿಲ್ಲ. ನಮ್ಮ ಮಟ್ಟಿಗೆ ಪ್ರಶ್ನೆ ಇರುವುದು ಆ ನಲವತ್ತು ಹೆಜ್ಜೆಯಲ್ಲಿ.

ಒಲೆಯ ಹೊಗೆ, ಜಿನ್ನಿಂಗ್ ಮಿಲ್ಲುಗಳ ಹತ್ತಿಯ ಧೂಳು, ಸ್ನಾನದ ನಂತರ ಕೂಸಿಗೆ ಹಿಡಿಯುವ ಸಾಂಬ್ರಾಣಿ, ಇವೆಲ್ಲ ಇಲ್ಲವೇ ಎಂದು ಕೇಳುವವರಿದ್ದಾರೆ. ಇವೆ, ಅವೂ ಒಳ್ಳೆಯದಲ್ಲ. ಸಾಂಬ್ರಾಣಿಯ ಬಗ್ಗೆ ಅಜ್ಜಿಯಂದಿರ ಜೊತೆ ಇನ್ನೊಂದು ದಿನ ಜಗಳವಾಡೋಣ. ಆದರೆ ಒಲೆ ಹಚ್ಚದಿದ್ದರೆ ಅನ್ನವಿಲ್ಲ, ಮಿಲ್ಲು ನಿಂತರೆ ಕೂಲಿಯಿಲ್ಲ. ಬೀಡಿಗೆ ಅಂಥ ಕಾರಣವೇನೂ ಇಲ್ಲವಲ್ಲ.

ಈಗ ನಮ್ಮನ್ನು ಹೆಚ್ಚು ಕಾಡುವ ಮಾತು. ಮಾವನವರಿಗೆ ಇದನ್ನು ಹೇಳುವವರು ಯಾರು? ಆರೋಗ್ಯದ ಪಾಠವೆಲ್ಲ ತಾಯಂದಿರಿಗೇ ನಡೆಯುತ್ತದೆ. ಅಂಗನವಾಡಿಯಲ್ಲಿ ಕೇಳಿಸಿಕೊಂಡು ಬಂದ ಸೊಸೆ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು “ಮಾವ, ಸ್ವಲ್ಪ ಆಚೆ ಹೋಗ್ತೀರಾ?” ಎನ್ನಬೇಕೆ? ಅಂದರೆ ಆ ಮನೆಯಲ್ಲಿ ಅವಳ ಗತಿ ಏನೆಂದು ಎಲ್ಲರಿಗೂ ಗೊತ್ತು. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಿರುವವಳ ಮೇಲೆ ಎಲ್ಲರಿಗಿಂತ ಕಷ್ಟದ ಮಾತನ್ನು ಹೊರಿಸಿ ನಾವು ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ದೀಕ್ಷಾಸ್ನಾನದ ದಿನ ಗುರುಗಳ ಪ್ರಶ್ನೆಗಳಿಗೆ ಕೂಸು ಉತ್ತರಿಸುವುದಿಲ್ಲ, ದೊಡ್ಡವರು ನಿಂತು ಉತ್ತರಿಸುತ್ತಾರೆ. ಹೆತ್ತವರ ಜವಾಬ್ದಾರಿಯಲ್ಲಿ ನೆರವಾಗುತ್ತೀರಾ ಎಂದು ಜ್ಞಾನ ತಂದೆತಾಯಿಯರನ್ನೂ ಕೇಳುತ್ತಾರೆ. ಆಗುತ್ತೇವೆ ಎಂದವರು ಬೆಳ್ಳಿ ಉಡಿದಾರ ಕೊಟ್ಟು, ಬಿರಿಯಾನಿ ಉಂಡು ಹೋದರೆ ಆಯಿತೇ? ಮಾವನ ಸರಿಸಮಾನವಾಗಿ ಪಡಸಾಲೆಯಲ್ಲಿ ಕೂರಬಲ್ಲವರು ಅವರೇ. ಹೇಳಬೇಕಾದವರೂ ಅವರೇ. ಕೂಸಿನ ತಂದೆಗಂತೂ ಇನ್ನೊಬ್ಬರು ಹೇಳಿಕೊಡಬೇಕಾಗಬಾರದು.

ಒಂದು ಕಡೆ ಮಾತ್ರ ನಮ್ಮ ವಾದ ತಡವರಿಸುತ್ತದೆ. ಸುಗ್ಗಿಯಲ್ಲಿ ನಮ್ಮ ಎಷ್ಟೋ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ ಹೋಗುತ್ತವೆ. ಹಾಲು ಬಿಟ್ಟ ಮಗು ಅಜ್ಜಿಯ ಕೈಯಲ್ಲಿ ಉಳಿಯುತ್ತದೆ. ಆ ಅಜ್ಜಿ ನಲವತ್ತು ವರ್ಷದಿಂದ ಚುಟ್ಟ ಸೇದುವವಳು. ಉಣಿಸುವವಳು ಅವಳು, ರಾತ್ರಿ ಎದೆಗೆ ಅವಚಿಕೊಂಡು ಮಲಗಿಸುವವಳೂ ಅವಳೇ. ಅವಳ ಕೈಯಿಂದ ಮಗುವನ್ನು ಬಿಡಿಸಿ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಅವಳು ಆಚೆ ಹೋಗಿ ಸೇದಲಿ ಎಂದರೆ ಆ ಹೊತ್ತು ಮಗುವನ್ನು ನೋಡಿಕೊಳ್ಳುವವರು ಮನೆಯಲ್ಲಿಲ್ಲ. ಹಾಗಾಗಿ ನೆರೆಯವರು ದಿನಕ್ಕೆ ಎರಡು ಮೂರು ಸಲ ಬಂದು ಮಗುವನ್ನು ಎತ್ತಿಕೊಳ್ಳಬೇಕು. ಈ ಸುಗ್ಗಿಗೆ ಅಂಥ ಮನೆಗಳಿಗೆ ಹೋಗಿಬರಲು ಯುವಜನ ಸಂಘದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೇವೆ. ಭಾನುವಾರ ಬಲಿಪೂಜೆಯ ನಂತರ, ಕನ್ನಡದವರೂ ತೆಲುಗಿನವರೂ ಬರಬಹುದು. ಚಟ ಬಿಡಲು ಮನಸ್ಸಿರುವವರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356.