ಹುಳ ತಿಂದ ಮರ, ಕಡೆದ ಪಾತ್ರೆ

2 ತಿಮೊಥೆಯ 2:20 ತೆಗೆದುಕೊಳ್ಳಿರಿ. ದೊಡ್ಡ ಮನೆಯ ಪಾತ್ರೆಗಳಲ್ಲಿ ಪೌಲನು ಬಂಗಾರ, ಬೆಳ್ಳಿಯ ಜೊತೆ ಮರವನ್ನೂ ಮಣ್ಣನ್ನೂ ಹೆಸರಿಸುತ್ತಾನೆ. ಮಣ್ಣಿನ ಪಾತ್ರೆ ಮೇಲೆ ನಾವು ಬೇಕಾದಷ್ಟು ಪ್ರಸಂಗ ಕೇಳಿದ್ದೇವೆ. ಮರದ್ದನ್ನು ಯಾರೂ ಮುಟ್ಟುವುದಿಲ್ಲ, ಅಲ್ವಾ?

ಯೆರೆಮೀಯ 18ರ ಕುಂಬಾರ ಕೆಟ್ಟುಹೋದ ಮಣ್ಣನ್ನು ಮತ್ತೆ ಮುದ್ದೆ ಮಾಡುತ್ತಾನೆ. ಮರ ಕಡೆಯುವವನಿಗೆ ಆ ಅನುಕೂಲ ಇಲ್ಲ. ಹುಳ ತಿಂದು ಹೋದದ್ದು ಹೋಯಿತು. ಉಳಿದದ್ದರಲ್ಲೇ ಅವನು ಕೆಲಸ ಮಾಡಬೇಕು.

ನಮ್ಮ ಚನ್ನಪಟ್ಟಣದವರು ಬಿಳಿ ಆಲೆ ಮರ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತೆ. (ಆ ಅರಗು ಬರುವುದೂ ಒಂದು ಹುಳದಿಂದಲೇ, ಅದು ಬೇರೆ ಮಾತು.) ಅಲ್ಲಿ ನಯವೇ ಅಂದ. ಆದರೆ ಅಮೆರಿಕದಲ್ಲಿ ಮೆಲ್ ಲಿಂಡ್‌ಕ್ವಿಸ್ಟ್, ಅವರ ಮಗ ಮಾರ್ಕ್ ಎಂಬವರು ಬೂಷ್ಟು ಹಿಡಿದು ಕಪ್ಪು ಗೆರೆ ಬಿದ್ದ ಮರವನ್ನೇ ಆರಿಸಿ ಬಟ್ಟಲು, ಹೂದಾನಿ ಕಡೆದರು. ಹುಳದ ತೂತನ್ನು ಮುಚ್ಚದೆ ಹಾಗೇ ಬಿಟ್ಟು ಕಡೆಯುವವರೂ ಇದ್ದಾರೆ. ಅಂಥದ್ದರಲ್ಲಿ ನೀರು ನಿಲ್ಲಲ್ಲ, ಶೋಕೇಸಿನಲ್ಲಿ ಇಡೋದಕ್ಕೆ.

ಇಂಥ ಪಾತ್ರೆ ಪ್ರಸಂಗಿಯ ಕೈಗೆ ಸಿಕ್ಕರೆ ಮುಂದಿನ ಮಾತು ನಿಮಗೇ ಗೊತ್ತು: ನಿನ್ನ ಗಾಯವೇ ನಿನ್ನ ಸೌಂದರ್ಯ, ಆ ಹುಳವನ್ನು ಕಳಿಸಿದವನೂ ದೇವರೇ. ನಾನಿದನ್ನು ಒಪ್ಪುವುದಿಲ್ಲ.

ಯಾಕೆ ಅಂತೀರಾ? ನಮ್ಮ ಕಡೆ ಜಾಲಿ ಕಟ್ಟಿಗೆ ಕಡಿದಿಟ್ಟರೆ ಕುಟ್ಟೆ ಹಿಡಿದು ಹಿಟ್ಟು ಉದುರುತ್ತೆ. ಸಾಮಾನ್ಯವಾಗಿ ನಾವು ನೋಡುವ ಆ ಸಣ್ಣ ತೂತು ಹುಳ ಒಳಗೆ ಹೋದ ದಾರಿಯಲ್ಲ, ತಿಂದು ಮುಗಿಸಿ ಹೊರಗೆ ಬಂದ ದಾರಿ. ನಮಗೆ ಕಾಣುವ ಹೊತ್ತಿಗೆ ಒಳಗಿನ ಕೆಲಸ ಆಗಿಹೋಗಿರುತ್ತೆ. ಕಸುಬು ಬಲ್ಲವನು ಮೊದಲು ಉಳಿದ ಹುಳಗಳನ್ನು ಸಾಯಿಸುತ್ತಾನೆ. ಹಡಗಿನಲ್ಲಿ ಹೋಗುವ ಮರದ ಪೆಟ್ಟಿಗೆಗಳಿಗೂ ತಿರುಳಿನವರೆಗೆ 56 ಡಿಗ್ರಿ ಶಾಖ, 30 ನಿಮಿಷ ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಬಿಟ್ಟರೆ ಪಕ್ಕದ ಮರಕ್ಕೂ ಹತ್ತುತ್ತೆ. ತೂತು ಎಷ್ಟೇ ಚೆಂದ ಕಾಣಲಿ, ಯಾವ ಕಸುಬುದಾರನೂ ಹುಳಕ್ಕೆ ಸ್ತೋತ್ರ ಹೇಳುವುದಿಲ್ಲ.

ಈಗ ಮನುಷ್ಯರ ವಿಷಯಕ್ಕೆ ಬರ್ತೀನಿ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಸೀಮೆಯಲ್ಲಿ ಎಳೇ ವಯಸ್ಸಿನಲ್ಲೇ ಮುತ್ತು ಕಟ್ಟಿಸಿಕೊಂಡ ಅಕ್ಕಂದಿರಿದ್ದಾರೆ. ದೇವದಾಸಿ ಬಿಡುವುದನ್ನು ನಿಷೇಧಿಸಿ 1982ರಲ್ಲೇ ಕಾನೂನು ಮಾಡಿದರೂ ಆಮೇಲೆಯೂ ಕದ್ದುಮುಚ್ಚಿ ನಡೆಯಿತು. ಆ ಅಕ್ಕನಿಗೆ, ಇದೆಲ್ಲಾ ನಿನ್ನನ್ನು ಚೆಂದದ ಪಾತ್ರೆ ಮಾಡಲಿಕ್ಕೆ ದೇವರ ಯೋಜನೆ ಅಂತ ಯಾವ ಬಾಯಲ್ಲಿ ಹೇಳೋಣ? ಮುತ್ತು ಕಟ್ಟಿದವರಿದ್ದಾರೆ, ಕಟ್ಟಿಸಿದವರಿದ್ದಾರೆ, ಅದರಿಂದ ಸುಖಪಟ್ಟ ಗಂಡಸರೂ ಇದ್ದಾರೆ. ಅವರ ಪಾಪವನ್ನು ತೆಗೆದು ದೇವರ ಉಳಿಯ ಮೇಲೆ ಹಾಕಬಾರದು. ಉಳಿ ಬೇರೆ, ಹುಳ ಬೇರೆ.

ಇನ್ನೊಂದು. ತೂತನ್ನು ಎದುರಿಗೆ ಕಾಣುವಂತೆ ಇಡಲೋ ಗೋಡೆ ಕಡೆ ತಿರುಗಿಸಲೋ ಅಂತ ಯಾರೂ ಮರವನ್ನು ಕೇಳುವುದಿಲ್ಲ. ಮನುಷ್ಯರನ್ನು ಕೇಳಬೇಕು. ಸಾಕ್ಷಿ ಅಂದರೆ ನೊಂದವರನ್ನೇ ಮತ್ತೆ ಮತ್ತೆ ಮೈಕಿನ ಮುಂದೆ ನಿಲ್ಲಿಸುವ ವಾಡಿಕೆ ಸಭೆಗಳಲ್ಲಿದೆ. ಕೇಳುವವರು ಅಳುತ್ತಾರೆ, ಕೂಟ ಚೆನ್ನಾಗಿತ್ತು ಅಂತ ಮನೆಗೆ ಹೋಗುತ್ತಾರೆ. ಹೇಳಿದ ಅಕ್ಕ ಅದೇ ಓಣಿಯಲ್ಲಿ ಸೋಮವಾರ ನೀರು ತರಲಿಕ್ಕೆ ಹೋಗಬೇಕಲ್ಲ?

ಅದಕ್ಕೇ, ಬರುವ ಭಾನುವಾರದಿಂದ ನಮ್ಮ ಸಭೆಯಲ್ಲಿ ಸಾಕ್ಷಿಗೆ ಯಾರ ಹೆಸರನ್ನೂ ಕೂಗುವುದಿಲ್ಲ. ಹೇಳಬೇಕು ಅನ್ನಿಸಿದವರು ತಾವೇ ಎದ್ದು ಬನ್ನಿರಿ. ಹಿಂದೆ ಗೋಡೆಗೆ ಒರಗಿ ಸುಮ್ಮನೆ ಕೂತಿರುವವರನ್ನು ಯಾರೂ ತಿರುಗಿ ನೋಡಬೇಡಿರಿ.