ಕೊಟ್ಟ ಮಾತಿನ ಭಾರ

ಕೊಟ್ಟ ಮಾತಿಗೆ ತಪ್ಪಬಾರದು ಎಂದು ಹೇಳಿಯೇ ನಮ್ಮನ್ನೆಲ್ಲ ಬೆಳೆಸಿದ್ದಾರೆ. ಆದರೆ ಮಾತು ಕೊಟ್ಟವರು ಒಬ್ಬರು, ಅದರ ಭಾರ ಹೊರುವವರು ಇನ್ನೊಬ್ಬರು ಆದರೆ?

ನಮ್ಮ ಬೆಳವಣಕಿಗೆ ನರಗುಂದ ದೂರದ ಊರೇನಲ್ಲ. ಅಲ್ಲಿ ಹುಟ್ಟಿದ ಜಗನ್ನಾಥರಾವ್ ಜೋಶಿಯವರ ಬಗ್ಗೆ ಓದಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ‘ಕರ್ನಾಟಕ ಕೇಸರಿ’ ಎನಿಸಿಕೊಂಡವರು. 1955ರಲ್ಲಿ ಗೋವಾ ಸತ್ಯಾಗ್ರಹಕ್ಕೆ ಹೋಗಿ ಪೋರ್ಚುಗೀಸರ ಸೆರೆಮನೆ ಕಂಡವರು. ಜನಸಂಘದ ಪರವಾಗಿ 1967ರಲ್ಲಿ ಭೋಪಾಲದಿಂದ, 1971ರಲ್ಲಿ ಶಾಜಾಪುರದಿಂದ ಲೋಕಸಭೆಗೆ ಆರಿಸಿ ಬಂದರು. ಆ ವರ್ಷಗಳಲ್ಲೇ ರಾಜಧನ ರದ್ದು ಮಾಡುವ ಪ್ರಶ್ನೆ ಎದ್ದಿತು. ಅವರ ಪಕ್ಷ ವಿರೋಧಿಸಿತು.

ಆ ವಿರೋಧವನ್ನು ಹಗುರವಾಗಿ ತಳ್ಳಿಹಾಕಲಾರೆ. ಸಂಸ್ಥಾನಗಳನ್ನು ದೇಶಕ್ಕೆ ಒಪ್ಪಿಸಿದ ಅರಸರಿಗೆ ವರ್ಷವರ್ಷ ಹಣ ಕೊಡುವುದಾಗಿ ಸರಕಾರವೇ ಮಾತು ಕೊಟ್ಟಿತ್ತು, ಸಂವಿಧಾನದಲ್ಲೂ ಬರೆದಿತ್ತು. ಮೈಸೂರು ಅರಸರಿಗೆ ಗೊತ್ತುಮಾಡಿದ್ದು 26 ಲಕ್ಷ ರೂಪಾಯಿ. ಇಂದು ಅರಸರಿಗೆ ಕೊಟ್ಟ ಮಾತು ಮುರಿದವರು ನಾಳೆ ಬಡವರಿಗೆ ಕೊಟ್ಟ ಮಾತು ಉಳಿಸಿಯಾರೆ? ಈ ಮಾತಿನಲ್ಲಿ ತೂಕವಿದೆ. ಆದರೆ ಆ ಹಣ ಹೊಂದಿಸಿದ್ದು ಉಪ್ಪು ಎಣ್ಣೆಗೂ ಲೆಕ್ಕ ಹಾಕುವ ಜನರಿಂದ. ಅವರನ್ನು ಯಾರೂ ಕೇಳಿರಲಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ತೊಟ್ಟಿಲಲ್ಲಿದ್ದಾಗಲೇ ಸೋದರಮಾವನಿಗೆ ಎಂದು ಮಾತಾದ ಹುಡುಗಿಯರನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಬಳಗದಲ್ಲೇ ಅಂಥ ಒಬ್ಬಳು ಓದುತ್ತೇನೆಂದು ಹಟ ಹಿಡಿದಳು. “ಮಾತು ತಪ್ಪಿದ್ರ ಮಂದಿ ಏನಂದಾರು?” ಎಂದು ಗಂಡಸರು ತಲೆ ಮೇಲೆ ಕೈ ಹೊತ್ತು ಕೂತರು. ಮಾತು ಕೊಟ್ಟಿದ್ದ ಅಜ್ಜಿಯೇ ಎದ್ದು ತವರಿಗೆ ಹೋದಳು. “ಮಾತು ನಂದು, ಬಾಳೇವು ಆಕೀದು. ಬೈಯೂದಿದ್ರ ನನ್ನ ಬೈಯ್ರಿ” ಅಂದಳು. ಎರಡು ವರ್ಷ ಆ ಮನೆಯವರು ಹಬ್ಬಕ್ಕೆ ಕರೆಯಲಿಲ್ಲ. ಅಜ್ಜಿ ಅದನ್ನೂ ನುಂಗಿಕೊಂಡಳು.

ದಿಲ್ಲಿಯಲ್ಲಿ ಆದದ್ದೇನು? 1970ರ ಸೆಪ್ಟೆಂಬರಿನಲ್ಲಿ ಮಸೂದೆ ಲೋಕಸಭೆ ದಾಟಿತು. ರಾಜ್ಯಸಭೆಯಲ್ಲಿ ಪರ 149, ವಿರುದ್ಧ 75. ಮೂರರಲ್ಲಿ ಎರಡು ಪಾಲು ಬೇಕಿತ್ತು. ಒಂದು ಮತಕ್ಕೂ ಕಡಿಮೆ ಕೊರತೆಯಿಂದ ಬಿತ್ತು. ಕೂಡಲೇ ಸರಕಾರ ರಾಷ್ಟ್ರಪತಿಗಳ ಆದೇಶದಿಂದ ಅರಸರ ಮನ್ನಣೆಯನ್ನೇ ತೆಗೆದುಹಾಕಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದು ಸಲ್ಲದೆಂದಿತು. ಬಳಿಕ ಚುನಾವಣೆ ನಡೆದು, 1971ರ ಕೊನೆಗೆ ಸಂವಿಧಾನ ತಿದ್ದುಪಡಿಯಾಗಿ ರಾಜಧನ ನಿಂತಿತು.

ಈ ಎರಡು ದಾರಿಗಳ ನಡುವೆ ನನಗೆ ದೊಡ್ಡ ಅಂತರ ಕಾಣುತ್ತದೆ. ಹಿಂಬಾಗಿಲಿನಿಂದ ಮಾತು ಮುರಿಯುವುದು ಮೋಸ. ಜನರನ್ನು ಕೇಳಿ, ಹೊಣೆ ಹೊತ್ತು, ಎಲ್ಲರೆದುರು ಹಿಂತೆಗೆದುಕೊಳ್ಳುವುದು ಬೇರೆ. ಜೋಶಿಯವರಂಥ ಹಿರಿಯರು ‘ಬೇಡ’ ಎಂದು ಅಡ್ಡ ನಿಂತದ್ದರಿಂದಲೇ ಸರಕಾರ ಆ ನೇರ ದಾರಿಗೆ ಬರಬೇಕಾಯಿತು ಎಂದುಕೊಳ್ಳುತ್ತೇನೆ. ಅವರ ನಿಲುವನ್ನು ನಾನು ಒಪ್ಪುವುದಿಲ್ಲ. ಆದರೆ ಅಂಥ ನಿಲುವಿನವರು ಇರಬೇಕು.

ಮತ ಕೇಳಲು ಮನೆಗೆ ಬಂದವರನ್ನು ನಾವು ನೀರು ಕೊಟ್ಟು ಕೂರಿಸುತ್ತೇವೆ. ‘ಎಷ್ಟು ವರ್ಷದಿಂದ ಒಂದೇ ಮಾತಿಗೆ ನಿಂತಿದ್ದೀರಿ’ ಎಂದು ಮೆಚ್ಚುತ್ತೇವೆ. ಮೆಚ್ಚಲಿ, ಬೇಡವೆನ್ನುವುದಿಲ್ಲ. ಜೊತೆಗೆ ಇನ್ನೊಂದು ಮಾತನ್ನೂ ಕೇಳೋಣ: ಸಭೆಯಲ್ಲಿ ನೀವು ಕೈ ಎತ್ತಿದಾಗ ಅದರ ಭಾರ ಬಿದ್ದದ್ದು ಯಾರ ತಲೆಯ ಮೇಲೆ?